ಖಾಲಿ ಗೋದಲಿ

ಇವತ್ತು ಸಂಜೆ ಕ್ರಿಸ್ಮಸ್ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ, ಕಟ್ಟಿ ಮುಗಿಸಿದೆವು. ಬೈಹುಲ್ಲು, ಮಣ್ಣಿನ ಕುರಿಗಳು, ಒಂದು ಕಿವಿ ಮುರಿದ ಹಸು. ಮರಿಯಮ್ಮ, ಜೋಸೆಫ್ ಇಬ್ಬರೂ ಬಗ್ಗಿ ನೋಡ್ತಿದ್ದಾರೆ. ನಡುವೆ ಮಾತ್ರ ಏನೂ ಇಲ್ಲ.

ಪಕ್ಕದ ಮನೆಯ ಪುಟ್ಟ ಬಂದು ಕೇಳಿದ, "ಆಂಟಿ, ಪಾಪು ಎಲ್ಲಿ? ಕಳೆದುಹೋಯ್ತಾ?"

ನನ್ನ ಮಗಳೇ ಉತ್ತರ ಕೊಟ್ಟಳು. "ಇನ್ನೂ ಹುಟ್ಟಿಲ್ಲ ಕಣೋ. 24ರ ರಾತ್ರಿ ಚರ್ಚಿನಿಂದ ಬಂದ ಮೇಲೆ ಇಡೋದು."

ಬಾಲಯೇಸು ಈಗ ಅಮ್ಮನ ಬೀರುವಿನಲ್ಲಿ ಹತ್ತಿ ಸುತ್ತಿಕೊಂಡು ಮಲಗಿದ್ದಾನೆ. ಅಲ್ಲಿವರೆಗೆ ಮಕ್ಕಳಿಗೆ ಒಂದು ಕೆಲಸ. ಯಾರಿಗಾದರೂ ಒಂದು ಒಳ್ಳೆಯದು ಮಾಡಿದರೆ ಗೋದಲಿಗೆ ಒಂದು ಎಳೆ ಹುಲ್ಲು. ಮಗುವಿಗೆ ಹಾಸಿಗೆ ಮೆತ್ತಗಾಗಬೇಕಲ್ವಾ?

ಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಗಡಿಬಿಡಿ. ಕಿಡಿಯೋ ಕರಿದಾಯ್ತು, ನೆವ್ರಿ ನಾಳೆ. ಹೊಸ ಬಟ್ಟೆ, ನಕ್ಷತ್ರ, ಕೇಕು ಎಲ್ಲವೂ ಬೇಕು, ನನಗೂ ಇಷ್ಟವೇ. ಆದರೆ ಎಷ್ಟೋ ವರ್ಷ ಇದೆಲ್ಲ ಮುಗಿಸಿ ಸುಸ್ತಾಗಿ, ಆ ರಾತ್ರಿಯ ಪೂಜೆಯಲ್ಲಿ ತೂಕಡಿಸಿದ್ದೇನೆ. ಯಾರಿಗಾಗಿ ಹಬ್ಬವೋ ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ಇದ್ದಿದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಅಷ್ಟು ಸಾಕಾಗಿತ್ತು ಅವರಿಗೆ.

ಈ ಸಲ ಕರಿಯೋದನ್ನ ಸ್ವಲ್ಪ ಕಡಿಮೆ ಮಾಡಿದ್ದೇನೆ. ರಾತ್ರಿ ಜಪಕ್ಕೆ ಎಲ್ಲರೂ ಗೋದಲಿ ಮುಂದೆಯೇ ಕೂರುತ್ತೇವೆ, ಲೂಕನ ಸುವಾರ್ತೆಯಿಂದ ನಾಲ್ಕು ಸಾಲು ಓದುತ್ತೇವೆ.

ಈಗಷ್ಟೇ ನೋಡಿದೆ. ಒಂದು ಎಳೆ ಹುಲ್ಲು ಜಾಸ್ತಿ ಇದೆ. ಪುಟ್ಟ ಹೋಗುವಾಗ ಸುಮ್ನೆ ಇಟ್ಟು ಹೋಗಿದ್ದಾನೆ.