290 ವ್ಯಾಟ್‌ನ ಹಳೇ ಡೆಲ್‌ಗೆ ಗ್ರಾಫಿಕ್ಸ್ ಕಾರ್ಡ್: ಕೆಲಸ ಎಲ್ಲಿಗೆ ಬಂತು

ಶನಿವಾರ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಡೆಲ್ ಕಂಪ್ಯೂಟರ್, ಆಪ್ಟಿಪ್ಲೆಕ್ಸ್ 9020 ಮಿನಿ ಟವರ್. ಐ5-4590 ಪ್ರೊಸೆಸರ್, 16 ಜಿಬಿ ರ್‍ಯಾಮ್. ದಿನದ ಕೆಲಸಕ್ಕೆ ಏನೂ ಕೊರತೆಯಿಲ್ಲ. 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ರೆಂಡರ್‌ಗೆ, ಅಂದರೆ ಅಂತಿಮ ಚಿತ್ರ ತೆಗೆಯಲು, ಕೊಟ್ಟರೆ ಮಾತ್ರ ನಾಲ್ಕೂ ಕೋರ್ ಏದುಸಿರು ಬಿಡುತ್ತವೆ.

ಆ ಭಾರ ಹೊರಲು ಗ್ರಾಫಿಕ್ಸ್ ಕಾರ್ಡ್ ಹಾಕೋಣವೆಂದರೆ, ತೊಡಕಿರುವುದು ಪವರ್ ಸಪ್ಲೈನಲ್ಲಿ. ಪಕ್ಕದ ಮುಚ್ಚಳ ತೆಗೆದು ಸ್ಟಿಕ್ಕರ್ ಓದಿದೆ: 290 ವ್ಯಾಟ್. ಕಾರ್ಡಿಗೆ ನೇರವಾಗಿ ಕರೆಂಟು ಕೊಡುವ 6 ಪಿನ್ ವೈರ್ ಒಂದೂ ಇಲ್ಲ. ದೊಡ್ಡ ಸಪ್ಲೈ ಹಾಕೋಣವೆಂದರೆ ಮದರ್‌ಬೋರ್ಡಿಗೆ ಹೋಗುವುದು ಮಾಮೂಲಿ 24 ಪಿನ್ ಅಲ್ಲ, ಡೆಲ್‌ನದೇ 8 ಪಿನ್. ಹಾಗಾಗಿ ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಬದುಕುವ ಕಾರ್ಡ್ ಬೇಕು. ಪ್ರೊಸೆಸರ್‌ಗೆ 84, ಕಾರ್ಡಿಗೆ 75, ಬೋರ್ಡು, ಡಿಸ್ಕು, ಫ್ಯಾನಿಗೆಲ್ಲ ಧಾರಾಳವಾಗಿ 40 ಹಿಡಿದರೂ 200 ದಾಟುವುದಿಲ್ಲ. ನೆಮ್ಮದಿಯಾಯಿತು.

ಡಿಸ್ಕಿಗೆ ಕರೆಂಟು ಕೊಡುವ ಸಾಟಾ ವೈರಿನಿಂದ 6 ಪಿನ್ ಮಾಡಿಕೊಡುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳುವುದು 54 ವ್ಯಾಟ್. 6 ಪಿನ್‌ನಿಂದ ಕಾರ್ಡ್ 75ರವರೆಗೂ ಎಳೆಯಬಹುದು. ಪ್ಲಾಸ್ಟಿಕ್ ಕರಗುವುದು ಅಲ್ಲೇ.

ಕಾರ್ಡ್ ಯಾವುದು? ಆರ್‌ಎಕ್ಸ್ 6400 ಬರೀ 53 ವ್ಯಾಟ್, ಆದರೆ ಡೇಟಾ ಓಡಾಡಲು ನಾಲ್ಕೇ ಲೇನ್ (ದಾರಿ). ನಮ್ಮ ಸ್ಲಾಟಿನ ಹಳೇ ಪಿಸಿಐಇ 3.0ನಲ್ಲಿ ಅದರ ಬ್ಯಾಂಡ್‌ವಿಡ್ತ್ ಅರ್ಧಕ್ಕೆ ಇಳಿಯುತ್ತದೆ, ವಿಡಿಯೊ ಎನ್‌ಕೋಡರೂ ಇಲ್ಲ. ಜಿಟಿಎಕ್ಸ್ 1650 ಒಳ್ಳೆಯದೇ. ಆದರೆ ಕೆಲವು ಕಂಪನಿಗಳು ಅದಕ್ಕೂ 6 ಪಿನ್ ಇಟ್ಟಿವೆ, ಮೆಮೊರಿಯೂ 4 ಜಿಬಿ ಅಷ್ಟೆ. 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನದು. ದುಡ್ಡು ಜಾಸ್ತಿಯಾದರೂ ಅದನ್ನೇ ತಂದೆ, ಒಂದೇ ಫ್ಯಾನಿನ ಗಿಡ್ಡ ಕಾರ್ಡ್. ಕೊಳ್ಳುವಾಗ 8 ಜಿಬಿಯದನ್ನು ಎತ್ತಿಕೊಳ್ಳಬೇಡಿ, ಹೆಸರು ಒಂದೇ ಆದರೂ ಅದು 130 ವ್ಯಾಟ್ ಕೇಳುತ್ತದೆ.

ಭಾನುವಾರ

ಧೂಳು ಊದಿ, ಹಿಂಬದಿಯ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಸ್ಲಾಟಿಗೆ ಒತ್ತಿದೆ. ತುದಿಯ ಕ್ಲಿಪ್ ಟಕ್ಕೆಂದು ಕೂತಿತು. ಸಾಟಾ ವೈರುಗಳು ಫ್ಯಾನಿಗೆ ತಾಗುವಷ್ಟು ಹತ್ತಿರ ಇದ್ದವು. ಅವನ್ನು ಪಕ್ಕಕ್ಕೆ ಎಳೆದು ಟ್ಯಾಗ್ ಕಟ್ಟಿದೆ. ಮಾನಿಟರ್ ಕೇಬಲ್ ಬೋರ್ಡಿನಿಂದ ಕಾರ್ಡಿಗೆ ಬದಲಿಸಿ ಸ್ವಿಚ್ ಒತ್ತಿದರೆ ಮೊದಲ ಸಲಕ್ಕೇ ಚಿತ್ರ ಬಂತು. ಎಷ್ಟು ಖುಷಿಯಾಯಿತೆಂದರೆ, ಮನೆಯವರನ್ನೆಲ್ಲ ಕರೆದು ತೋರಿಸಿದೆ!

ಡ್ರೈವರ್ ಹಾಕಿ ಬ್ಲೆಂಡರ್‌ನಲ್ಲಿ ಆಪ್ಟಿಕ್ಸ್, ಅಂದರೆ ಕಾರ್ಡಿನಿಂದಲೇ ರೆಂಡರ್ ಮಾಡಿಸುವ ಆಯ್ಕೆ, ಆರಿಸಿದೆ. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಫ್ರೇಮ್ ಕಣ್ಣೆದುರೇ ಮುಗಿಯುತ್ತಿದೆ. ಕಾರ್ಡ್ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ತೆರೆದಿಟ್ಟು ನೋಡಿದೆ, ಕಾರ್ಡ್ 70ರ ಗೆರೆ ಮೀರುತ್ತಿಲ್ಲ.

ಪೆಟ್ಟಿಗೆಯೊಳಗೆ ಬಿಸಿ ಮಾತ್ರ ಮೊದಲಿಗಿಂತ ಹೆಚ್ಚು. ಮುಂದಿನ ವಾರ ಪ್ರೊಸೆಸರ್‌ನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ, ರಾತ್ರಿಯಿಡೀ ಒಂದು ರೆಂಡರ್ ಓಡಿಸಬೇಕು.