ಕಾಡುಪಾಪಕ್ಕೆ ಕಣ್ಣಿದೆ, ಸೀತಾಳೆಗಿಲ್ಲ

ಶಿರಸಿ ಕಡೆಯ ನಮ್ಮ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡಿನಲ್ಲಿ, ಹಳೆಯ ಮತ್ತಿ ಮರವೊಂದಿದೆ. ದುಂಡು ಕಣ್ಣಿನ ಪುಟ್ಟ ಪ್ರಾಣಿ ಕಾಡುಪಾಪ (ಸ್ಲೆಂಡರ್ ಲೋರಿಸ್) ಓಡಾಡುವುದೂ ಅದರಲ್ಲೇ, ಕೊಂಬೆಯ ಮೇಲೆ ಬೆಳೆಯುವ ಆರ್ಕಿಡ್ ಗಿಡ ಸೀತಾಳೆ ದಂಡೆ ಹೂ ಬಿಡುವುದೂ ಅದರಲ್ಲೇ. ಎರಡರಲ್ಲಿ ಹೆಚ್ಚು ದಿಕ್ಕಿಲ್ಲದ್ದು ಯಾವುದು ಎಂದು ಕೇಳಿದರೆ ನಾನು ಸೀತಾಳೆ ಎನ್ನುತ್ತೇನೆ. ಅಜ್ಜಿಯ ಕಾಲದಲ್ಲಿ ಮುಡಿಗೆ ಧಾರಾಳವಾಗಿ ಸಿಗುತ್ತಿದ್ದ ಸೀತಾಳೆ ಈಗ ನಮ್ಮೂರ ರಸ್ತೆ ಬದಿಯ ಯಾವ ಮರದಲ್ಲೂ ಉಳಿದಿಲ್ಲ.

ಕಾಡುಪಾಪ ಮುನ್ನೂರು ಗ್ರಾಂ ತೂಗಿದರೆ ಹೆಚ್ಚು. ಅದಕ್ಕೆ ಜಿಗಿಯಲು ಬರುವುದಿಲ್ಲ. ಮುಂದಿನ ಕೊಂಬೆ ಕೈಗೆ ಭದ್ರವಾಗಿ ಸಿಕ್ಕ ಮೇಲೆಯೇ ಹಿಂದಿನ ಕಾಲು ಸಡಿಲಿಸುತ್ತದೆ. ಕೊಂಬೆಗೆ ಕೊಂಬೆ ತಾಗದಿದ್ದರೆ ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ, ವಾಹನ.

ಸೀತಾಳೆಗೆ ಆ ಒಂದು ಹೆಜ್ಜೆಯೂ ಇಲ್ಲ. ಕಾಯಿ ಒಡೆದರೆ ಧೂಳಿನಷ್ಟು ಸಣ್ಣ ಬೀಜಗಳು ಲೆಕ್ಕವಿಲ್ಲದಷ್ಟು ಹಾರುತ್ತವೆ, ಆದರೆ ಯಾವುದರಲ್ಲೂ ಮೊಳಕೆಗೆ ಬೇಕಾದ ಬುತ್ತಿ ಇರುವುದಿಲ್ಲ. ತಕ್ಕ ಶಿಲೀಂಧ್ರ ಸಿಕ್ಕಿದ ಬೀಜ ಮಾತ್ರ ಮೊಳೆಯುತ್ತದೆ. ಅದು ಹೂ ಬಿಡಲು ಮತ್ತೆ ವರ್ಷಗಳೇ ಬೇಕು. ಬೇಸಿಗೆಯಲ್ಲಿ ಅದರ ಬೇರು ಬೂದುಬಿಳಿ. ಮೊದಲ ಮಳೆ ಬಿದ್ದಾಗ ಮರದ ಬುಡದಲ್ಲಿ ನಿಂತು ನೋಡಿ: ಬೇರಿನ ಹೊರಪದರ ನೀರು ಕುಡಿದು ತಿಳಿಯಾಗಿ, ಒಳಗಿನ ಹಸಿರು ಕಣ್ಣೆದುರೇ ಮೇಲೆದ್ದು ಬರುತ್ತದೆ. ಬಿಳಿಯ ಮೇಲೆ ನಸುನೇರಳೆ ಚುಕ್ಕೆಯ ಹೂದಂಡೆಗಿಂತ ನನಗೆ ಆ ಬೇರೇ ಹೆಚ್ಚು ಇಷ್ಟ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆ ಕಾಡುಪಾಪವೂ ಇದೆ. 2022ರಲ್ಲಿ ತಮಿಳುನಾಡು ಅದಕ್ಕೆಂದೇ ಕಡವೂರಿನಲ್ಲಿ ಅಭಯಾರಣ್ಯ ಘೋಷಿಸಿತು. ಮಾಟಕ್ಕೆಂದು ಅದನ್ನು ಹಿಡಿಯುವವರೂ ಇದ್ದಾರೆ, ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೂ ಮರ ಉರುಳಿದಾಗ ಆ ದುಂಡು ಕಣ್ಣು ಕಂಡರೆ ಯಾರಾದರೂ ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾರೆ. ಅದೇ ಮರದ ಸೀತಾಳೆ ತೊಗಟೆಯ ಸಮೇತ ಸೌದೆ ರಾಶಿಗೆ ಹೋಗುತ್ತದೆ. ಮರದ ರಸವನ್ನೇ ಹೀರದ ಗಿಡವನ್ನು ಬಂದಳಿಕೆಯೆಂದು ಕಿತ್ತೆಸೆಯುವವರೂ ಉಂಟು. ಎರಡರಲ್ಲಿ ಹೆಚ್ಚು ದಿಕ್ಕಿಲ್ಲದ್ದು ಸೀತಾಳೆಯೇ ಎಂದು ನಾನು ಹೇಳುವುದು ಇದಕ್ಕೆ.

ಸೊಪ್ಪು ಕಡಿಯಲು ಮರ ಹತ್ತುವವರಿಗೆ ನಮ್ಮ ಮನೆಯಲ್ಲಿ ಹೇಳುವುದು ಇಷ್ಟೇ: ಪಕ್ಕದ ಮರಕ್ಕೆ ತಾಗುವ ಅಡ್ಡಕೊಂಬೆಯನ್ನು ಬಿಡಿ, ಸೀತಾಳೆ ಕೂತ ಕೊಂಬೆಯನ್ನೂ ಬಿಡಿ. ಗಾಳಿಗೆ ಮುರಿದು ಬಿದ್ದ ಸೀತಾಳೆ ಸಿಕ್ಕಿದರೆ ಮಾವಿನ ಮರದ ನೆರಳಿನ ಮಗ್ಗುಲಿಗೆ, ಬೇರು ತೊಗಟೆಗೆ ತಾಗುವಂತೆ ತೆಂಗಿನ ನಾರಿನಿಂದ ಕಟ್ಟಿ. ಮಳೆಗಾಲದ ಆರಂಭದಲ್ಲಿ ಕಟ್ಟಿದರೆ ಬೇಗ ಬೇರು ಹಿಡಿಯುತ್ತದೆ. ನಿಂತ ಮರದಿಂದ ಮಾತ್ರ ಕೀಳಬೇಡಿ.