ಬೀಜಕ್ಕೆ ಬಿಡಬೇಕಾದ ಗಿಡ ಯಾವುದು?

ನಮ್ಮ ಕೊಪ್ಪಳ ಜಿಲ್ಲೆಗೆ ಬೀಜದ ಕೆಲಸ ಹೊಸದಲ್ಲ. ಕುಷ್ಟಗಿ ಸೀಮೆಯ ನೆರಳು ಪರದೆ ಮನೆಗಳಲ್ಲಿ ಕಂಪನಿಗಳಿಗಾಗಿ ಹೈಬ್ರಿಡ್ ತರಕಾರಿ ಬೀಜ ತಯಾರಾಗುತ್ತದೆ. ಟೊಮೆಟೊ ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಚಿಮಟದಿಂದ ಬಿಡಿಸಿ, ಮರುದಿನ ಮುಂಜಾನೆ ಬೇರೊಂದು ತಳಿಯ ಪರಾಗವನ್ನು ಹೂವಿಗೆ ಮುಟ್ಟಿಸುವ ಸೂಕ್ಷ್ಮ ಕೆಲಸದಲ್ಲಿ ಇಲ್ಲಿಯ ಹೆಣ್ಣುಮಕ್ಕಳು ನುರಿತಿದ್ದಾರೆ. ಇಂಥ ಕೈಗಳಿರುವ ಊರುಗಳಲ್ಲಿಯೇ ಹಿತ್ತಲಿನ ಸಣ್ಣ ಜವಾರಿ ಟೊಮೆಟೊ, ಪೇಟೆಯಲ್ಲಿ ಚೆರ್ರಿ ಟೊಮೆಟೊ ಎಂದು ಡಬ್ಬಿಯಲ್ಲಿಟ್ಟು ಮಾರುವ ಜಾತಿಯದು, ಬೀಜ ಹಿಡಿಯುವವರಿಲ್ಲದೆ ಮರೆಯಾಗುತ್ತಿರುವುದು ನನಗೆ ಬಹಳ ಬೇಸರದ ಸಂಗತಿ. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಗೆ ಆ ಹಣ್ಣು ಕೊಡುವ ಹುಳಿಯನ್ನು ದಪ್ಪ ಸಿಪ್ಪೆಯ ಹೈಬ್ರಿಡ್ ಹಣ್ಣು ಕೊಡಲಾರದು.

ಇದರ ಬೀಜ ಉಳಿಸಲು ಕೈಯಿಂದ ಪರಾಗ ಮುಟ್ಟಿಸುವ ಅಗತ್ಯವಿಲ್ಲ. ಟೊಮೆಟೊ ಹೂವಿನಲ್ಲಿ ಕೇಸರಗಳು ಕೊಳವೆಯಾಗಿ ಕೂಡಿಕೊಂಡು ಹೂವಿನ ಹೆಣ್ಣು ಭಾಗವಾದ ಶಲಾಕೆಯನ್ನು ಸುತ್ತುವರಿದಿರುವುದರಿಂದ, ಗಾಳಿಗೆ ಗೊಂಚಲು ಅಲುಗಿದರೂ ಅದರದೇ ಪರಾಗ ಅದಕ್ಕೇ ತಾಗಿ ಕಾಯಿ ಕಟ್ಟುತ್ತದೆ. ಪ್ರಮಾಣೀಕೃತ ಬೀಜೋತ್ಪಾದನೆಗೂ ಬೇರೆ ತಳಿಯಿಂದ 25 ಮೀಟರ್ ಅಂತರ ಸಾಕೆಂಬ ನಿಯಮವಿದೆ. ಕೆಲವು ಸಣ್ಣ ಹಣ್ಣಿನ ತಳಿಗಳಲ್ಲಿ ಮಾತ್ರ ಪರಾಗ ಹಿಡಿಯುವ ಶಲಾಕೆಯ ತುದಿ ಕೊಳವೆಯಿಂದ ಹೊರಗೆ ಇಣುಕುವುದರಿಂದ ದುಂಬಿಗಳು ಬೆರಕೆ ಮಾಡುವ ಸಂಭವವಿರುತ್ತದೆ. ಹಿತ್ತಲು ಚಿಕ್ಕದಿದ್ದವರು ಹೂ ಅರಳುವ ಮುನ್ನ ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಅದನ್ನು ಬಿಚ್ಚಿ, ಆ ಗೊಂಚಲಿಗೆ ದಾರದ ಗುರುತು ಹಾಕಿದರೆ ಆಯಿತು. ಹೈಬ್ರಿಡ್ ಹಣ್ಣಿನ ಬೀಜವೂ ಮೊಳೆಯುತ್ತದೆ, ಆದರೆ ಮುಂದಿನ ಪೀಳಿಗೆಯಲ್ಲಿ ಒಂದೊಂದು ಗಿಡ ಒಂದೊಂದು ಬಗೆಯಾಗುವುದರಿಂದ ಮೊದಲ ಬೀಜವನ್ನು ಜವಾರಿ ಗಿಡದಿಂದಲೇ ತರಬೇಕು.

ಬೀಜ ತೊಳೆಯುವ ವಿಧಾನವನ್ನು ಎಲ್ಲರೂ ಕೇಳುತ್ತಾರೆ. ಯಾವ ಗಿಡದಿಂದ ಬೀಜ ಹಿಡಿಯಬೇಕೆಂದು ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ ಪ್ರಶ್ನೆ. ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ ಸಸಿಮಡಿಗೆ ಬೀಜ ಹಾಕಿ, 25–30 ದಿನಗಳ ಸಸಿಗಳನ್ನು ನೀರು ನಿಲ್ಲದ ಮಸಾರಿ (ಕೆಂಪು) ಮಣ್ಣಿಗೆ ನಾಟಿ ಮಾಡಿದರೆ ಚಳಿಗಾಲವೆಲ್ಲ ಪ್ರತಿಯೊಂದು ಗಿಡವೂ ಹಣ್ಣು ಕೊಡುತ್ತದೆ, ಆಗ ಒಳ್ಳೆಯ ಗಿಡ ಯಾವುದೆಂದು ತಿಳಿಯುವುದಿಲ್ಲ. ಶಿವರಾತ್ರಿ ಕಳೆದು, ಹಗಲಿನ ಬಿಸಿಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಆರದಿದ್ದಾಗ ಟೊಮೆಟೊ ಪರಾಗದ ಸತ್ವ ಕುಂದುತ್ತದೆ, ಹೂ ಕಾಯಿಯಾಗದೆ ಉದುರುತ್ತದೆ. ಸಣ್ಣ ಹಣ್ಣಿನ ತಳಿಗಳು ಸಾಮಾನ್ಯವಾಗಿ ದೊಡ್ಡ ಹಣ್ಣಿನವುಗಳಿಗಿಂತ ಈ ಸೆಕೆಯನ್ನು ಹೆಚ್ಚು ತಾಳಿಕೊಳ್ಳುತ್ತವೆ. ಅವುಗಳಲ್ಲಿಯೂ ಒಂದೆರಡು ಗಿಡಗಳು ನೆರೆಯವು ಬರಿದಾದ ಮೇಲೂ ಕಾಯಿ ಕಚ್ಚುತ್ತಿರುತ್ತವೆ. ಬಿಳಿನೊಣದ ಕಾಟದಿಂದ ಸುತ್ತಲಿನ ಗಿಡಗಳ ಎಲೆ ಮುಟುರಿಕೊಂಡಾಗಲೂ ಚೆನ್ನಾಗಿ ನಿಂತ ಅಂಥ ಗಿಡಗಳನ್ನೇ ನಾನು ಬೀಜಕ್ಕೆ ಬಿಡುತ್ತೇನೆ, ಅವುಗಳ ಹಣ್ಣನ್ನು ಅಡುಗೆಗೆ ಕೀಳಲು ಯಾರಿಗೂ ಬಿಡುವುದಿಲ್ಲ. ಬಿರುಬಿಸಿಲಿನಲ್ಲಿ ಹಣ್ಣಾದವು ಕೆಂಪೇರದೆ ಕಿತ್ತಳೆ ಬಣ್ಣದಲ್ಲಿಯೇ ಉಳಿಯಬಹುದು, ಏಕೆಂದರೆ ಕೆಂಪು ಬಣ್ಣದ ಲೈಕೋಪಿನ್ ಅಷ್ಟು ಸೆಕೆಯಲ್ಲಿ ಸರಿಯಾಗಿ ಕೂಡುವುದಿಲ್ಲ. ಅದರಿಂದ ಬೀಜಕ್ಕೆ ಕುಂದಿಲ್ಲ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಸಸ್ಯವೊಂದು ಈ ಬಯಲುಸೀಮೆಯ ಹಿತ್ತಲಿನದಾದದ್ದು ಹೀಗೆ ವರ್ಷ ವರ್ಷವೂ ಗಿಡ ನೋಡಿ ಆಯ್ದವರ ಶ್ರಮದಿಂದ ಎಂದು ನಾನು ನಂಬಿದ್ದೇನೆ.

ಗಿಡದಲ್ಲೇ ಪೂರ್ತಿ ಮಾಗಿ ಮೆತ್ತಗಾದ ಹಣ್ಣುಗಳನ್ನು ಗಾಜಿನ ಲೋಟಕ್ಕೆ ಹಿಂಡಿ, ನೀರು ಬೆರೆಸದೆ, ಬಟ್ಟೆ ಮುಚ್ಚಿ ನೆರಳಿನಲ್ಲಿಡಬೇಕು. ಬೀಜದ ಸುತ್ತಲಿನ ಲೋಳೆಯಲ್ಲಿ ಮೊಳಕೆಯನ್ನು ತಡೆಯುವ ಅಂಶವಿದ್ದು, ಹುಳಿಬಂದಾಗ ಅದು ಕರಗುತ್ತದೆ. ಬೀಜಕ್ಕಂಟಿದ ಕೆಲವು ರೋಗಾಣುಗಳೂ ಕಡಿಮೆಯಾಗುತ್ತವೆ. ತಂಪು ಊರುಗಳಲ್ಲಿ ಇದಕ್ಕೆ ಮೂರು ದಿನ ಹಿಡಿದರೆ ನಮ್ಮ ಬೇಸಿಗೆಯಲ್ಲಿ ಒಂದೆರಡು ದಿನ ಸಾಕು, ಹೆಚ್ಚು ಬಿಟ್ಟರೆ ಬೀಜ ಲೋಟದಲ್ಲಿಯೇ ಮೊಳೆಯುತ್ತದೆ. ಮೇಲೆ ಬಿಳಿ ಕೆನೆ ಕಟ್ಟಿದೊಡನೆ ನೀರು ಹಾಕಿ ಕಲಕಿದರೆ ಗಟ್ಟಿ ಬೀಜ ತಳಕ್ಕಿಳಿಯುತ್ತದೆ, ಜೊಳ್ಳು ತೇಲುತ್ತದೆ. ತೊಳೆದ ಬೀಜವನ್ನು ತಟ್ಟೆಯಲ್ಲಿ ಹರಡಿ ನೆರಳಿನ ಗಾಳಿಯಲ್ಲಿ ಒಣಗಿಸಬೇಕು; ಕಾಗದಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ, ಬಿರುಬಿಸಿಲಿಗಿಟ್ಟರೆ ಮೊಳೆಯುವ ಶಕ್ತಿ ಕುಂದಬಹುದು. ಬೀಜದ ತೇವಾಂಶ ಶೇ 1ರಷ್ಟು ಇಳಿದಂತೆಲ್ಲ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕವಿರುವುದರಿಂದ, ಚೆನ್ನಾಗಿ ಒಣಗಿದ್ದನ್ನು ಪೊಟ್ಟಣ ಕಟ್ಟಿ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ತಂಪಾದ ಕಡೆ ಇಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ.

ರೈತರು ತಾವು ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ವಿನಿಮಯ ಮಾಡಿಕೊಳ್ಳಲು ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯೇ ಹಕ್ಕು ಕೊಟ್ಟಿದೆ. ಈ ಕಾಯ್ದೆಯಡಿ ನೋಂದಾಯಿಸಿದ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ಆದ್ದರಿಂದ ನೆರೆಯವರಿಗೆ, ತವರಿಗೆ ಪೊಟ್ಟಣ ಕೊಡುವಾಗ ಹಿಂಜರಿಯಬೇಕಾಗಿಲ್ಲ. ಯಾವ ತಿಂಗಳ ಹಣ್ಣಿನಿಂದ ಹಿಡಿದ ಬೀಜ, ಗಿಡ ಬೆಳೆದದ್ದು ಎರೆ ಮಣ್ಣಿನಲ್ಲೋ ಮಸಾರಿಯಲ್ಲೋ ಎಂಬುದನ್ನು ಪೊಟ್ಟಣದ ಮೇಲೆ ಬರೆದು ಕೊಟ್ಟರೆ ಪಡೆದವರಿಗೆ ಮುಂದಿನ ಆಯ್ಕೆ ಸುಲಭವಾಗುತ್ತದೆ.